ಶಿಶುಶಾಲೆಯೂ ಮಗುವಿನ ಮಾತೂ

ಮನೆಯ ಹೊಸ್ತಿಲನ್ನು ದಾಟಿ ಮಗುವು ಮೊದಲು ಕಾಲಿಡುವ ಲೋಕವೆಂದರೆ ಶಿಶುಶಾಲೆ. ಅಲ್ಲಿ ಓರಗೆಯ ಮಕ್ಕಳಿರುತ್ತಾರೆ, ಹಾಡು ಕತೆಗಳಿರುತ್ತವೆ. ಆದುದರಿಂದ ಮಾತು ತಡವಾದ ಮಗುವನ್ನು ಅಲ್ಲಿಗೆ ಕಳುಹಿಸಿದರೆ ಸಾಕು, ನಾಲ್ವರೊಡನೆ ಬೆರೆತು ತಾನೇ ಕಲಿತೀತು ಎಂದು ತಾಯ್ತಂದೆಗಳು ನಂಬುವುದುಂಟು. ಈ ನಂಬಿಕೆಯು ಕೆಲವು ಮಕ್ಕಳ ಪಾಲಿಗೆ ನಿಜವಾಗುವುದು. ಮತ್ತೆ ಕೆಲವರ ಪಾಲಿಗೆ ಮರಳಿ ಬಾರದ ಎರಡು ಮೂರು ವರ್ಷಗಳನ್ನು ನುಂಗಿಬಿಡುವುದು. ನಾವು ಆರಿಸಿದ ಶಾಲೆಯು ನಮ್ಮ ಮಗುವಿನ ಕೊರತೆಗೆ ತಕ್ಕುದೆ ಎಂದು ಅರಿಯುವ ಬಗೆ ಹೇಗೆ?

ಮೊದಲು ಕೊರತೆಯ ಸ್ವರೂಪವು ತಿಳಿಯಬೇಕು. ಎರಡು ವರ್ಷ ತುಂಬುವ ವೇಳೆಗೆ ಮಗುವು ‘ಅಮ್ಮ ಬಾ’, ‘ಹಾಲು ಬೇಡ’ ಎಂದು ಎರಡೆರಡು ಪದಗಳನ್ನು ಕೂಡಿಸಿ ಆಡುವುದು ವಾಡಿಕೆ. ಮೂರು ವರ್ಷಕ್ಕೆ ಅದರ ಮಾತಿನ ಬಹುಭಾಗವು ಹೊರಗಿನವರಿಗೂ ಅರ್ಥವಾಗಬೇಕು. ಆ ವಯಸ್ಸಿನಲ್ಲಿ ‘ರವೆ’ಯನ್ನು ‘ಲವೆ’ ಎಂದರೆ ಆತಂಕ ಬೇಡ. ರಕಾರವು ಕೊಂಚ ತಡವಾಗಿಯೇ ಕೈಗೂಡುವುದು. ಆದರೆ ನಾಲ್ಕು ದಾಟಿದ ಮೇಲೂ ‘ಕಾಗೆ’ಯು ‘ತಾದೆ’ಯಾಗಿಯೇ ಉಳಿದರೆ, ಇಲ್ಲವೆ ಮಗುವಿನ ಮಾತನ್ನು ತಾಯಿಯೇ ಇತರರಿಗೆ ಬಿಡಿಸಿ ಹೇಳಬೇಕಾದರೆ, ಬಲ್ಲವರಿಗೆ ತೋರಿಸತಕ್ಕದ್ದು. ಎಲ್ಲಕ್ಕೂ ಮುನ್ನ ಕಿವಿಯ ಪರೀಕ್ಷೆಯಾಗಬೇಕು. ಸರಿಯಾಗಿ ಕೇಳಿಸದ ನುಡಿಯನ್ನು ಸರಿಯಾಗಿ ಆಡುವುದು ಕಷ್ಟ.

ಸ್ಪೀಚ್ ಥೆರಪಿ ಎಂದು ಜನರು ಕರೆಯುವ ವಾಕ್ಚಿಕಿತ್ಸೆಯು ಬರಿಯ ಮಾತಾಡಿಸುವಿಕೆಯಲ್ಲ. ಯಾವ ಧ್ವನಿಯು ತಪ್ಪುತ್ತಿದೆ, ಮಗುವಿಗೆ ಅರ್ಥವಾಗುವುದೆಷ್ಟು, ಆಡಲಾಗುವುದೆಷ್ಟು ಎಂದು ಅಳೆದು, ಒಂದೊಂದೇ ಗುರಿಯನ್ನು ಹಿಡಿದು, ಆಟದ ನೆವದಲ್ಲಿ ಒಂದೇ ಪದವನ್ನು ಹತ್ತಾರು ಸಲ ಆಡಿಸುವ ವಿದ್ಯೆಯದು. ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕಾರ್ಯಕ್ಕೆ ಹೆಸರಾದುದು. ಇಂತಹ ಮಕ್ಕಳಿಗಾಗಿ ಅಲ್ಲಿ ಶಿಶುಶಾಲೆಯೂ ಉಂಟು. ಆದರೆ ಎಲ್ಲರಿಗೂ ಮೈಸೂರು ಹತ್ತಿರವಲ್ಲವಷ್ಟೆ. ತಮ್ಮೂರಿನ ಶಾಲೆಯನ್ನೇ ತೂಗಿ ನೋಡಬೇಕಾದವರು ನಾಲ್ಕು ಪ್ರಶ್ನೆಗಳನ್ನು ಕೇಳಬಹುದು.

ಮೊದಲನೆಯದು, ಚಿಕಿತ್ಸೆ ಕೊಡುವವರು ಯಾರು? ಫಲಕವನ್ನು ಕಂಡು ಮರುಳಾಗಬಾರದು. ೧೯೯೨ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರೇ ಎಂದು ವಿಚಾರಿಸುವುದರಲ್ಲಿ ಸಂಕೋಚವೇತಕ್ಕೆ?

ಎರಡನೆಯದು, ಗುರಿಯೇನು? ‘ಮಾತು ಸುಧಾರಿಸುತ್ತದೆ’ ಎಂಬುದು ಗುರಿಯಲ್ಲ. ‘ಮೂರು ತಿಂಗಳಲ್ಲಿ ಪದದ ಮೊದಲಿನ ಕಕಾರವನ್ನು ಸರಿಯಾಗಿ ನುಡಿಯಬೇಕು’ ಎಂಬುದು ಗುರಿ. ಅದು ಕಾಗದದ ಮೇಲಿರಲಿ.

ಮೂರನೆಯದು, ಮಗುವಿಗೆ ಆಡುವ ಸರದಿ ಎಷ್ಟು? ಅಪ್ಪಣೆ ಪಡೆದು ಒಂದು ಗಂಟೆ ತರಗತಿಯಲ್ಲಿ ಕುಳಿತು, ನಿಮ್ಮ ಮಗುವು ತಾನಾಗಿ ಎಷ್ಟು ಸಲ ಬಾಯಿ ತೆರೆಯಿತೆಂದು ಎಣಿಸಿರಿ. ಮೂವತ್ತು ಮಕ್ಕಳು ಒಕ್ಕೊರಲಿನಿಂದ ಹಾಡುವಾಗ ಒಂದು ಮಗುವಿನ ಮೌನವು ಯಾರ ಕಿವಿಗೂ ಬೀಳದು. ಗಲಾಟೆಯ ಮಗುವನ್ನು ಉಪಾಧ್ಯಾಯಿನಿಯು ಬೇಗ ಗಮನಿಸುವಳು. ಮಾತಿಲ್ಲದ ಮಗುವಿಗೆ ‘ಬಲು ಸಾಧು’ ಎಂಬ ಬಿರುದು ದೊರೆಯುವುದು. ಆ ಬಿರುದನ್ನು ಕೇಳಿ ಹಿಗ್ಗುವುದಕ್ಕಿಂತ ಎಚ್ಚರಗೊಳ್ಳುವುದು ಲೇಸು.

ನಾಲ್ಕನೆಯದು, ಮನೆಯವರಿಗೇನು ಕಲಿಸುತ್ತಾರೆ? ವಾರಕ್ಕೆರಡು ಸಲದ ಪಾಠವು ಸ್ನಾನದ ಮನೆಯಲ್ಲಿ, ಅಡಿಗೆಯ ಮನೆಯಲ್ಲಿ ದಿನವೂ ಮುಂದುವರಿಯದಿದ್ದರೆ ಫಲವು ಅಲ್ಪ. ತಾಯಿಯನ್ನು ಬಾಗಿಲಲ್ಲೇ ನಿಲ್ಲಿಸಿ ಕಳುಹಿಸುವ ಚಿಕಿತ್ಸೆಯು ಅರ್ಧ ಚಿಕಿತ್ಸೆಯೇ ಸರಿ.

ಇಲ್ಲಿ ಮತ್ತೊಂದು ಮಾತು. ‘ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷನ್ನೇ ಆಡಿರಿ’ ಎಂದು ಕೆಲವು ಶಾಲೆಗಳು ಬುದ್ಧಿ ಹೇಳುವುದುಂಟು. ಎರಡು ಭಾಷೆಗಳನ್ನು ಕೇಳಿ ಬೆಳೆಯುವುದರಿಂದ ನುಡಿದೋಷವು ಹುಟ್ಟದು. ಅಜ್ಜಿಯ ಕತೆಯನ್ನು ಕಸಿದುಕೊಂಡರೆ ಮಗುವಿಗೆ ಇರುವ ಮಾತೂ ಕಡಿಮೆಯಾದೀತು.

ಉತ್ತರಗಳು ತೃಪ್ತಿಕರವಾಗಿಲ್ಲವೆಂದು ಶಾಲೆಯನ್ನೇ ಬಿಡಿಸಬೇಕಾದುದಿಲ್ಲ. ೧೯೭೫ರಲ್ಲಿ ಆರಂಭವಾದ ಯೋಜನೆಯ ಅಂಗನವಾಡಿಗಳಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟಪಾಠಗಳು ದೊರೆಯುತ್ತವೆ. ಒಡನಾಟಕ್ಕೆ ಅದೂ ಒಳ್ಳೆಯದೆ. ಒಡನಾಟವು ಶಾಲೆಯಲ್ಲಿ ದೊರೆಯಲಿ, ಚಿಕಿತ್ಸೆಯು ಬೇರೆಡೆ ನಡೆಯಲಿ. ಗುರಿಯ ಕಾಗದದ ಒಂದು ಪ್ರತಿಯು ಉಪಾಧ್ಯಾಯಿನಿಯ ಕೈಯಲ್ಲಿರಲಿ. ಒಂದನ್ನೇ ಎರಡೆಂದು ಭ್ರಮಿಸದಿದ್ದರಾಯಿತು.

ಕಡೆಗೆ ಅಳತೆಗೋಲು ಮಗುವೇ. ಇಂದು ಅದು ಆಡುವ ಮಾತುಗಳನ್ನು ಆಡಿದಂತೆಯೇ ಬರೆದಿಡಿರಿ. ಮೂರು ತಿಂಗಳ ಮೇಲೆ ಮತ್ತೆ ಬರೆಯಿರಿ. ಎರಡು ಹಾಳೆಗಳೂ ಒಂದೇ ಆಗಿದ್ದರೆ, ಶಾಲೆಯ ಗೋಡೆಗಳು ಎಷ್ಟೇ ಅಂದವಾಗಿರಲಿ, ಬೇರೆ ದಾರಿಯನ್ನು ಹುಡುಕತಕ್ಕ ಕಾಲವು ಬಂದಿತೆಂದು ತಿಳಿಯಬೇಕು.