ಕಲ್ಲಿನ ದ್ವೀಪ ನೋಡಿ ಬಂದು ಮಣ್ಣಿನ ಲೆಕ್ಕ

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವವರು ಸಮುದ್ರ ನೋಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ವಾಪಸು ಬರುತ್ತಾರೆ. ರೈತರು ಹೋದರೆ ಅಲ್ಲಿನ ನೆಲ ನೋಡಬೇಕು ಅಂತ ನನ್ನ ಅಭಿಪ್ರಾಯ. ನನ್ನದು ಕೃಷ್ಣರಾಜಪುರದಿಂದ ಮೂಡಲಿಗೆ, ಹೊಸಕೋಟೆ ಕಡೆಗೆ ಎರಡೂವರೆ ಎಕರೆ ಖುಷ್ಕಿ. ರಾಗಿ, ಸಾಲಿನಲ್ಲಿ ಅವರೆ, ತಡವಾದರೆ ಹುರುಳಿ. ಊರಿನವರ ಜೊತೆ ಉಡುಪಿಗೆ ಹೋದಾಗ ದ್ವೀಪಕ್ಕೂ ಹೋಗಿದ್ದೆ. ಕಂಡದ್ದನ್ನು ನಮ್ಮ ಹೊಲದ ಲೆಕ್ಕದಲ್ಲಿ ಬರೆಯುತ್ತಿದ್ದೇನೆ.

ಅಲ್ಲಿ ದ್ವೀಪ ಒಂದಲ್ಲ, ನಾಲ್ಕಿವೆ. ಜನ ಇಳಿಯುವುದು ತೆಂಗಿನ ದ್ವೀಪದಲ್ಲಿ. ಉದ್ದ ಅರ್ಧ ಕಿಲೋಮೀಟರು, ಅಗಲ ನೂರು ಮೀಟರು ಇದ್ದೀತು. ಎಲ್ಲಿ ನೋಡಿದರೂ ಕಂಬದಂಥ ಕಲ್ಲು. ಐದು ಮೂಲೆ, ಆರು ಮೂಲೆ, ಏಳು ಮೂಲೆ. ಕಲ್ಲುಕುಟಿಗರು ಕಡೆದು ಒತ್ತಾಗಿ ನಿಲ್ಲಿಸಿದ ಹಾಗಿದೆ. ಆದರೆ ಯಾರೂ ಕಡೆದದ್ದಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ಭೂಮಿಯೊಳಗಿಂದ ಕರಗಿದ ಕಲ್ಲು ಉಕ್ಕಿ ಬಂತು. ಅದು ಆರುತ್ತಾ ಕುಗ್ಗಿತು, ಕುಗ್ಗುತ್ತಾ ಬಿರಿಯಿತು. ಬೇಸಿಗೆಯಲ್ಲಿ ಕೆರೆಯಂಗಳದ ಗೋಡು ಒಣಗಿ ಹೆಂಚಿನ ಹಾಗೆ ಬಿರಿಯುತ್ತದಲ್ಲ, ಅದೇ ಕತೆ. ಇಲ್ಲಿ ಬಿರುಕು ಆಳಕ್ಕಿಳಿದು ಕಂಬಗಳಾದವು.

ತೆಂಗು ಎಲ್ಲಿದೆ ಅಂತ ಗಮನಿಸಿದೆ. ಕಂಬಗಳ ಮೇಲಿಲ್ಲ. ನಡುವೆ ಮರಳು ಕೂತಿರುವ ಕಡೆ ಮಾತ್ರ ತೋಪಿದೆ. ಕಲ್ಲಿನ ಸಂದಿಯಲ್ಲಿ ಧೂಳು ಸಿಕ್ಕಿದ ಕಡೆ ಅಷ್ಟಿಷ್ಟು ಹುಲ್ಲು. ಕಲ್ಲಿಗೆ ಅಷ್ಟು ವಯಸ್ಸಾಗಿದೆ, ಕರಾವಳಿಯಲ್ಲಿ ನಮ್ಮ ನಾಲ್ಕು ಪಟ್ಟು ಮಳೆ, ಆದರೂ ಅದರ ಮೇಲೆ ಒಂದು ಬೊಗಸೆ ಮಣ್ಣು ಸಿಕ್ಕುವುದು ಕಷ್ಟ. ಸವೆದು ಪುಡಿಯಾದದ್ದನ್ನು ಗಾಳಿ, ಮಳೆ, ಅಲೆ ಸೇರಿ ಒಯ್ಯುತ್ತವೆ. ಕಲ್ಲು ಪುಡಿಯಾದರೆ ಸಾಲದು, ಪುಡಿ ನಿಂತರೇ ಮಣ್ಣು.

ನಮ್ಮ ಕಡೆಯ ಕಲ್ಲು ಇದಕ್ಕಿಂತ ಬಹಳ ಹಳೆಯದು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ಅನ್ನುತ್ತಾರೆ. ಹಲಸೂರು ಕೆರೆ ಹತ್ತಿರ ಕೆಂಪೇಗೌಡರ ಗೋಪುರ ನಿಂತಿರುವುದೂ ಬಂಡೆಯ ಮೇಲೇ. ಇಂಥ ಬಂಡೆ ಕೊಳೆತು ನಮ್ಮ ಕೆಮ್ಮಣ್ಣಾಗಿದೆ. ನನ್ನದು ದಿನ್ನೆ ಹೊಲ. ಅಗೆದರೆ ಒಂದೂವರೆ ಅಡಿ ಮಣ್ಣು, ಕೆಳಗೆ ಗರಸು. ನಮ್ಮ ಬಾಳೆಲ್ಲಾ ಈ ಒಂದೂವರೆ ಅಡಿಯಲ್ಲೇ.

ಈ ಮಣ್ಣಿಗೇ ಈಗ ಲಾರಿ ಬರುತ್ತದೆ. ಇಂದಿರಾನಗರದ ಮನೆಗಳ ಹೂಕುಂಡಕ್ಕೆ, ಹೊಸ ಲೇಔಟುಗಳ ಹುಲ್ಲುಹಾಸಿಗೆ ಕೆಮ್ಮಣ್ಣು ಬೇಕು. ನನ್ನ ಪಕ್ಕದ ಹೊಲದವರು ಮಗಳ ಮದುವೆ ವರ್ಷ ಒಂದಡಿ ಮೇಲ್ಮಣ್ಣನ್ನು ಲೋಡಿನ ಲೆಕ್ಕದಲ್ಲಿ ಕೊಟ್ಟರು. ನಾಲ್ಕು ಮುಂಗಾರು ಕಳೆಯಿತು, ಅವರ ರಾಗಿ ಮೊಳಕಾಲು ದಾಟಿಲ್ಲ. ಮಳೆ ಬಂದ ಮೂರನೇ ದಿನಕ್ಕೇ ಪೈರು ಬಾಡುತ್ತದೆ. ಅವರನ್ನು ದೂರುವುದಿಲ್ಲ, ಆ ವರ್ಷ ಅವರ ಕೈಯಲ್ಲಿ ಬೇರೆ ದುಡ್ಡಿರಲಿಲ್ಲ.

ದ್ವೀಪದ ಸುದ್ದಿ ಹೇಳುತ್ತಿದ್ದಾಗ ನಮ್ಮಣ್ಣನ ಮಗ ಫೋನಿನಲ್ಲಿ ಇನ್ನೊಂದು ದ್ವೀಪ ತೋರಿಸಿದ. ಹೆಸರು ಲಾಂಜರೋಟೆ. ಆಫ್ರಿಕಾದ ಪಕ್ಕದಲ್ಲಿದೆ, ಸ್ಪೇನ್ ದೇಶಕ್ಕೆ ಸೇರಿದ್ದು. ಯುರೋಪಿನ ಜನ ರಜಕ್ಕೆ ಹೋಗುವ ಜಾಗ. ಅಲ್ಲಿ 1730ರಿಂದ 1736ರವರೆಗೆ ಜ್ವಾಲಾಮುಖಿ ಉಗುಳಿ ಒಳ್ಳೊಳ್ಳೆ ಹೊಲಗಳ ಮೇಲೆ ಕರಿ ಗರಸು ಮುಚ್ಚಿತು. ಮಳೆ ವರ್ಷಕ್ಕೆ 150 ಮಿ.ಮೀ. ಅಷ್ಟೇ, ನಮಗೆ 800ರ ಮೇಲೆ. ಅಲ್ಲಿಯ ರೈತರು ಗರಸನ್ನು ತೋಡಿ ಕೆಳಗೆ ಹೂತುಹೋದ ಹಳೇ ಮಣ್ಣು ಸಿಕ್ಕುವ ತನಕ ಗುಂಡಿ ಮಾಡಿದರು. ಕೆಲವು ಗುಂಡಿ ಆಳಾಳುದ್ದಕ್ಕಿಂತ ಹೆಚ್ಚು. ಒಂದು ಗುಂಡಿಗೆ ಒಂದೆರಡು ದ್ರಾಕ್ಷಿ ಬಳ್ಳಿ, ಗಾಳಿ ಬರುವ ಕಡೆ ಅರ್ಧಚಂದ್ರದ ಹಾಗೆ ಕಲ್ಲಿನ ಗೋಡೆ. ಮೇಲಿನ ಗರಸು ಬಿದ್ದ ನೀರನ್ನು ಕೆಳಕ್ಕೆ ಬಿಡುತ್ತದೆ, ಬಿಸಿಲಿಗೆ ಆರಲು ಬಿಡುವುದಿಲ್ಲ. ಇದು ತಿಳಿದ ಮೇಲೆ ಗರಸು ಬೀಳದ ಹೊಲಕ್ಕೂ ತಾವೇ ಹೊತ್ತು ಹಾಕಿದರು. ಹಾಗೆ ಗರಸು ತೆಗೆದ ಒಂದು ಹಳ್ಳದಲ್ಲಿ ಸೆಸಾರ್ ಮನ್ರೀಕೆ ಎಂಬ ಕಲಾವಿದ 1990ರಲ್ಲಿ ಕಳ್ಳಿಯ ತೋಟ ಮಾಡಿಸಿದ್ದಾನೆ. ನಾವು ಬೇಲಿಗೆ ಹಾಕುವ ಪಾಪಾಸುಕಳ್ಳಿಯ ಜಾತಿಯನ್ನು ಅಲ್ಲಿ ಹೊಲದಲ್ಲಿ ಬೆಳೆದು, ಅದರ ಮೇಲೆ ಹುಳು ಸಾಕಿ ಕೆಂಪು ಬಣ್ಣ ತೆಗೆಯುತ್ತಾರಂತೆ. ಕಳ್ಳಿಗೂ ಒಂದು ಕಾಲ!

ಹೊದಿಕೆ ವಿಷಯದಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಷ್ಟಗಿ ಕಡೆ ಎರೆ ಹೊಲಕ್ಕೆ ಹಳ್ಳದ ಗರಸು ಮರಳು ಹೊದಿಸುವುದು ಹಳೇ ಪದ್ಧತಿ. ನಮ್ಮ ರಾಗಿ ಹೊಲಕ್ಕೆ ಇದು ಆಗದು, ಕುಂಟೆ ಹೊಡೆಯುವುದು ಹೇಗೆ? ಗಿಡದ ಬುಡಕ್ಕಾದರೆ ಆದೀತು. ನನ್ನ ನಾಲ್ಕು ನೇರಳೆ ಗಿಡಗಳಲ್ಲಿ ಎರಡಕ್ಕೆ ಕಾಂಡದಿಂದ ಒಂದು ಗೇಣು ಬಿಟ್ಟು ಸುತ್ತ ನಾಲ್ಕು ಬೆರಳು ದಪ್ಪ ಗರಸು ಹಾಕಿದ್ದೇನೆ. ಏಪ್ರಿಲ್‌ನಲ್ಲಿ ಕೆದಕಿದರೆ ಒಳಗೆ ಮಣ್ಣು ತಂಪಾಗಿತ್ತು. ಉಳಿದೆರಡಕ್ಕೆ ಕೊಡ ಹೊರಬೇಕಾಯಿತು. ಹೊಲದಲ್ಲಿ ಉಗುರಿನಷ್ಟು ದಪ್ಪದ ಕಲ್ಲನ್ನು ಆರಿಸಿ ಬದುವಿಗೆ ಎಸೆಯುವವರು ಅದನ್ನೂ ಯೋಚಿಸಲಿ. ಮಳೆಯ ಹೊಡೆತ ಆ ಕಲ್ಲಿನ ಮೇಲೆ ಬೀಳುತ್ತದೆ, ಮಣ್ಣು ಉಳಿಯುತ್ತದೆ.

ಪಕ್ಕದ ಹೊಲದವರಿಗೆ ಈ ಸಲ ರಾಗಿ ಬಿಟ್ಟು ಹುರುಳಿ ಚೆಲ್ಲಿ, ಹೂ ಬಿಡುವಾಗ ಉತ್ತು ಮಣ್ಣಿಗೆ ಸೇರಿಸಿ ಅಂದಿದ್ದೇನೆ. ಕೆರೆ ಗೋಡು ಹೊಡೆಸುತ್ತೇನೆ ಅಂತ ಅವರು ಕೇಳಿದರು. ಹಿಂದೆ ಆಗಿದ್ದರೆ ಹೂಂ ಅನ್ನುತ್ತಿದ್ದೆ. ಈಗ ನಮ್ಮ ಕಡೆಯ ಕೆರೆಗಳಿಗೆ ಚರಂಡಿ ನೀರು ಸೇರಿದೆ, ಗೋಡನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ತರಬೇಡಿ ಅಂತ ತಡೆದಿದ್ದೇನೆ.