ತಲೆಗೆ ಪೆಟ್ಟಾದ ಕೆಲಸಗಾರರು: ಮಾಲೀಕರು ಅರಿಯಬೇಕಾದ ಸಂಗತಿಗಳು

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ರೇಷ್ಮೆ ಮಗ್ಗ, ಅಂಗಡಿ, ಸರಕು ಸಾಗಣೆಯಂತಹ ಅನೇಕ ಸಣ್ಣ ಉದ್ಯಮಗಳು ನಾಲ್ಕಾರು ಅನುಭವಿಗಳನ್ನೇ ನೆಚ್ಚಿಕೊಂಡಿವೆ. ಅವರಲ್ಲೊಬ್ಬರು ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಮಾಡಿಕೊಂಡರೆ ಕುಟುಂಬದೊಂದಿಗೆ ಉದ್ಯಮವೂ ನಷ್ಟ ಅನುಭವಿಸುತ್ತದೆ.

ಗಾಯ ಮಾಯ್ದು ಕೆಲಸಕ್ಕೆ ಮರಳಿದವರು ನೋಡಲು ಗುಣಮುಖರಾಗಿರುತ್ತಾರೆ. ಆದರೆ ನೆನಪು, ಏಕಾಗ್ರತೆ, ಯೋಚನೆಯ ವೇಗ ಹಾಗೂ ಕೋಪದ ಮೇಲಿನ ಹತೋಟಿ ಕುಂದಿರಬಹುದು. ಮಿದುಳಿನ ಮುಂಭಾಗಕ್ಕೆ ಹಾನಿಯಾದವರಿಗೆ ತಮ್ಮ ಕೊರತೆಯೇ ತಿಳಿಯದಿರುವುದುಂಟು. ರೂಢಿಯ ಕೈಕೆಲಸದ ನೆನಪು ಸಾಮಾನ್ಯವಾಗಿ ಉಳಿಯುತ್ತದೆ. ಹೊಸ ಸಂಗತಿ ನಿಲ್ಲುವುದಿಲ್ಲ. ಆದುದರಿಂದ ನೇಕಾರನ ಕೈ ಲಾಳಿಯನ್ನು ಮರೆತಿರದಿದ್ದರೂ, ಬೆಳಿಗ್ಗೆ ಹೇಳಿದ ಅಂಚಿನ ಬಣ್ಣ ಮಧ್ಯಾಹ್ನದೊಳಗೆ ಮರೆತುಹೋಗಬಹುದು. ಇದನ್ನು ಸೋಮಾರಿತನವೆಂದು ಭಾವಿಸುವುದು ತಪ್ಪು.

ಮಾಲೀಕರು ಕೈಗೊಳ್ಳಬಹುದಾದ ಕ್ರಮಗಳು ಹೀಗಿವೆ:

1. ಒಂದು ಸಲಕ್ಕೆ ಒಂದೇ ಕೆಲಸವನ್ನು ಒಪ್ಪಿಸುವುದು. ಬಣ್ಣ, ಅಳತೆ, ಎಣಿಕೆಗಳನ್ನು ಚೀಟಿಯಲ್ಲಿ ಬರೆದು ಎದುರಿಗೇ ಅಂಟಿಸುವುದು. ಓದು ಬಾರದವರಿಗೆ ನೂಲಿನ ಮಾದರಿಯನ್ನೇ ಕಟ್ಟಿಡಬಹುದು.

2. ಮಿದುಳು ಬೇಗ ದಣಿಯುವುದರಿಂದ ಮೊದಲು ಅರ್ಧ ದಿನದ ಕೆಲಸ ಕೊಟ್ಟು, ನಡುವೆ ವಿಶ್ರಾಂತಿಗೆ ಅವಕಾಶವಿತ್ತು, ಕ್ರಮೇಣ ಹೆಚ್ಚಿಸುವುದು. ಗದ್ದಲವಿಲ್ಲದ ಜಾಗ ಒಳ್ಳೆಯದು.

3. ಲೆಕ್ಕ ಹಾಗೂ ಹಣದ ವ್ಯವಹಾರವನ್ನು ಇನ್ನೊಬ್ಬರು ಪರಿಶೀಲಿಸುವುದು. ತಪ್ಪಾದಾಗ ಎಲ್ಲರೆದುರು ಗದರದೆ ಪ್ರತ್ಯೇಕವಾಗಿ ತಿಳಿಸುವುದು.

4. ಮೂರ್ಛೆ ಬರುವ ಸಂಭವವಿರುವುದರಿಂದ ವೈದ್ಯರ ಅನುಮತಿಯಿಲ್ಲದೆ ವಾಹನ ಚಾಲನೆ, ಯಂತ್ರ ಹಾಗೂ ಎತ್ತರದ ಕೆಲಸಗಳಿಗೆ ಹಚ್ಚದಿರುವುದು.

ಚೇತರಿಕೆಯು ಮೊದಲ ಆರು ತಿಂಗಳಲ್ಲಿ ವೇಗವಾಗಿದ್ದು, ಆನಂತರವೂ ನಿಧಾನವಾಗಿ ಮುಂದುವರಿಯಬಲ್ಲದು. ಎರಡನೆಯ ತಿಂಗಳಲ್ಲೇ ಕೆಲಸದಿಂದ ಬಿಡಿಸಿದರೆ ಹಲವು ವರ್ಷಗಳ ಕುಶಲತೆಯನ್ನು ಕೈಯಾರೆ ಕಳೆದುಕೊಂಡಂತೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನೆನಪು ಮತ್ತು ಗಮನಶಕ್ತಿಯ ಪುನಶ್ಚೇತನಕ್ಕೆ ತರಬೇತಿಯಿದೆ. ಮಾತು ತೊಡಕಾದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಚಿಕಿತ್ಸೆ ಹತ್ತಿರದ್ದು.

ಸೇವಾವಧಿಯಲ್ಲಿ ಅಂಗವೈಕಲ್ಯಕ್ಕೆ ಒಳಗಾದ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲವೆಂದು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 20ನೇ ಪ್ರಕರಣವು ವಿಧಿಸುತ್ತದೆ. ಆದರೆ ಈ ರಕ್ಷಣೆ ಸರ್ಕಾರಿ ಸಂಸ್ಥೆಗಳ ನೌಕರರಿಗೆ ಮಾತ್ರ. ನಾಲ್ಕು ಮಗ್ಗಗಳ ಮನೆಯಲ್ಲಿ ದುಡಿಯುವವರ ಅನ್ನ ಉಳಿಯುವುದು ಬಹುಪಾಲು ಮಾಲೀಕರ ತಿಳಿವಳಿಕೆಯಿಂದಲೇ. ಚೀಟಿ ಬರೆದು ಅಂಟಿಸಲು ಹೆಚ್ಚಿನ ಖರ್ಚಿಲ್ಲ. ಬೇಕಾದುದು ಕೊಂಚ ತಾಳ್ಮೆ.