ದಿಢೀರ್ ಗೆಲುವು: ಸಂಶಯವೋ, ಸಾಧನೆಯೋ?

ಕಳೆದ ವರ್ಷದ ಕ್ರೀಡಾಕೂಟದಲ್ಲಿ ಹಿಂದೆ ಉಳಿದ ಹುಡುಗ ಈ ವರ್ಷ ಪ್ರಥಮ ಸ್ಥಾನ ಗಳಿಸಿದರೆ, "ಏನೋ ಮದ್ದು ತೆಗೆದುಕೊಂಡಿರಬೇಕು" ಎಂಬ ಪಿಸುಮಾತು ಹುಟ್ಟುವುದುಂಟು. ಈ ಮಾತು ಎಷ್ಟು ಸರಿ?

ಹದಿಹರೆಯದಲ್ಲಿ ಎತ್ತರ, ತೂಕ, ಸ್ನಾಯುಬಲ ಕೆಲವೇ ತಿಂಗಳುಗಳಲ್ಲಿ ಹೆಚ್ಚಬಹುದು. ಉತ್ತಮ ತರಬೇತಿ, ಹೊಟ್ಟೆತುಂಬ ಪೌಷ್ಟಿಕ ಊಟ ಸಿಕ್ಕಿದರೂ ಓಟದ ವೇಗ ಏರುತ್ತದೆ. ಆದುದರಿಂದ ದಿಢೀರ್ ಪ್ರಗತಿಯೊಂದೇ ತಪ್ಪಿಗೆ ಪುರಾವೆಯಲ್ಲ. ಯಾರನ್ನು ಪರೀಕ್ಷಿಸಬೇಕೆಂದು ತೀರ್ಮಾನಿಸಲು ಅಧಿಕಾರಿಗಳಿಗೆ ಅದೊಂದು ಸೂಚನೆ ಮಾತ್ರ. ಪರೀಕ್ಷೆಯ ಮಾದರಿಯನ್ನು ಎ ಮತ್ತು ಬಿ ಎಂಬ ಎರಡು ಬಾಟಲಿಗಳಲ್ಲಿ ಮೊಹರು ಮಾಡಲಾಗುತ್ತದೆ. ಎ ಮಾದರಿಯಲ್ಲಿ ನಿಷೇಧಿತ ವಸ್ತು ಕಂಡುಬಂದರೆ ಬಿ ಮಾದರಿಯನ್ನೂ ಪರೀಕ್ಷಿಸುವಂತೆ ಕೇಳುವ ಹಕ್ಕು ಕ್ರೀಡಾಪಟುವಿಗಿದೆ.

ನಮ್ಮ ಕರಾವಳಿಯ ಅಶ್ವಿನಿ ಅಕ್ಕುಂಜಿಯವರ ಪ್ರಕರಣ ಹಲವರಿಗೆ ನೆನಪಿರಬಹುದು. ಉಡುಪಿ ಜಿಲ್ಲೆಯ ಸಿದ್ದಾಪುರದ ಈ ಓಟಗಾರ್ತಿ 2010ರ ದೆಹಲಿ ಕಾಮನ್‌ವೆಲ್ತ್ ಕೂಟದ 4x400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಚಿನ್ನವೂ ಬಂತು. 2011ರಲ್ಲಿ ಅವರ ಮಾದರಿಯಲ್ಲಿ ಸ್ಟೀರಾಯ್ಡ್ ಪತ್ತೆಯಾಯಿತು. ತರಬೇತುದಾರ ಕೊಟ್ಟ ಜಿನ್ಸೆಂಗ್ ಪೂರಕದಿಂದ ಅದು ದೇಹ ಸೇರಿತೆಂದು ಕ್ರೀಡಾಪಟುಗಳು ವಾದಿಸಿದರು. ಮೊದಲು ಒಂದು ವರ್ಷವಿದ್ದ ನಿಷೇಧ, 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯಲ್ಲಿ ಎರಡು ವರ್ಷಕ್ಕೇರಿತು. ಆದರೆ 2010ರ ಪದಕಗಳು ಅವರಲ್ಲಿಯೇ ಉಳಿದವು.

ಇಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಯಾರು ಕೊಟ್ಟರೂ ತನ್ನ ದೇಹಕ್ಕೆ ಸೇರಿದ್ದಕ್ಕೆ ಕ್ರೀಡಾಪಟುವೇ ಹೊಣೆ. ಎರಡನೆಯದು, ಶಿಕ್ಷೆ ಸಾಬೀತಾದ ತಪ್ಪಿಗೆ ಮಾತ್ರ, ಹಳೆಯ ಗೆಲುವಿನ ಬಗ್ಗೆ ಜನರಾಡುವ ಸಂಶಯಕ್ಕಲ್ಲ.

ಸ್ಟೀರಾಯ್ಡ್ ಬೆಳೆಯುವ ಮಕ್ಕಳ ಎಲುಬಿನ ಬೆಳವಣಿಗೆಯನ್ನು ಬೇಗ ನಿಲ್ಲಿಸಬಹುದು, ಯಕೃತ್ತಿಗೂ ಹಾನಿ ಮಾಡಬಹುದು. ಸಿದ್ದಾಪುರದಲ್ಲಾಗಲಿ, ದೂರದ ಚಿತ್ತಾಪುರ, ಸೇಡಂಗಳಲ್ಲಾಗಲಿ, ಬಡ ಮನೆಯ ಮಕ್ಕಳಿಗೆ ಕ್ರೀಡಾ ಕೋಟಾದ ಉದ್ಯೋಗ ಬದುಕಿನ ಪ್ರಶ್ನೆ. ಒಂದು ಡಬ್ಬಿ ಪುಡಿಯಿಂದ ಆ ದಾರಿ ಮುಚ್ಚಿಹೋಗಬಾರದು.

ಹೆತ್ತವರೇ, ಯುವ ಸಂಘಟನೆಗಳ ಸಚೇತಕರೇ, ಜಿಮ್ಮಿನಲ್ಲಿ ಕೊಡುವ ಪುಡಿ, ಮಾತ್ರೆ, ಚುಚ್ಚುಮದ್ದುಗಳ ಬಗ್ಗೆ ಮಕ್ಕಳನ್ನು ಪ್ರೀತಿಯಿಂದ ವಿಚಾರಿಸಿ. ವೈದ್ಯರಲ್ಲಿ ಹೋದಾಗ "ನಾನು ಕ್ರೀಡಾಪಟು" ಎಂದು ಮೊದಲೇ ಹೇಳಲು ಕಲಿಸಿ. ಗೆದ್ದು ಬಂದ ಮಗುವಿಗೆ ಮೊದಲು ಶಹಬ್ಬಾಸ್ ಹೇಳೋಣ. ಪುರಾವೆಯಿಲ್ಲದ ಸಂಶಯವನ್ನು ಊರೆಲ್ಲ ಹಬ್ಬಿಸದಿರೋಣ.